ತುದಿಯಿಂದ ಬಡಿಸುತ್ತಿದ್ದ ಕಾಕಾ

ಸಹನಾ, ಬಸು, ಮೊನ್ನೆ ಬಂಕಾಪುರದ ನಿಶ್ಚಯದಲ್ಲಿ ಉಟ್ಟ ಸೀರೆಯನ್ನು ನಾನಿನ್ನೂ ಒಗೆಯಲು ಹಾಕಿಲ್ಲ. ಸೆರಗಿಗೆ ಗೋಧಿ ಹುಗ್ಗಿ ಚೆಲ್ಲಿ, ತುಪ್ಪದ ವಾಸನೆ ಹಾಗೆಯೇ ಉಳಿದಿದೆ. ಮೂಸಿದಾಗಲೆಲ್ಲ ಹತ್ತಿಮತ್ತೂರಿನ ನಮ್ಮ ಓಣಿಯ ಕಾಕಾ ಎದುರಿಗೆ ಬಂದು ನಿಲ್ಲುತ್ತಾರೆ. ಬಾಯಿಂದ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಯಾರ ಮನೆಯಲ್ಲಿ ಊಟವಿದ್ದರೂ ಹುಗ್ಗಿಯ ಬಕೆಟ್ಟು ಅವರ ಕೈಗೇ. ಉಳಿದವರು ಪಂಕ್ತಿಯ ಮೊದಲಿನಿಂದ ಬಡಿಸಿದರೆ, ಅವರು ತುದಿಯಿಂದ ಶುರುಮಾಡುತ್ತಿದ್ದರು. ನಿಮ್ಮ ಅಜ್ಜ ತೀರಿಕೊಂಡ ವರ್ಷ ಪಕ್ಕದ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಪಂಕ್ತಿಯ ಕೊನೆಗೆ, ಬಾಗಿಲ ಮರೆಯಲ್ಲಿ, ಚಪ್ಪಲಿಗಳ ಹತ್ತಿರ, ತಲೆಯ ಮೇಲೆ ಸೆರಗು ಎಳೆದು ಕುಳಿತಿದ್ದೆ. ಗಂಡ ಸತ್ತವಳು ಶುಭಕಾರ್ಯದಲ್ಲಿ ಕಣ್ಣಿಗೆ ಬೀಳಬಾರದೆಂದು ಯಾರೂ ಹೇಳಬೇಕಿರಲಿಲ್ಲ... ಕಾಕಾ ನೇರವಾಗಿ ನನ್ನ ಎಲೆಗೇ ಬಂದರು.

"ಏ ಮಾರಾಯಾ, ತಲಿ ಬಿಟ್ಟು ಬಾಲದಿಂದ ಯಾಕ ಹೊಂಟಿ?" ಮೊದಲ ಎಲೆಯ ಗೌಡರು ಕೂಗಿದರು.

"ನಿಮಗ ಬಾಯಿ ಐತ್ರೀ ಗೌಡ್ರ, ಕೇಳಿ ಹಾಕಿಸ್ಕೋತೀರಿ. ಈ ತುದಿಯವ್ರು ಕೇಳಂಗಿಲ್ಲ," ಎನ್ನುತ್ತ ಕಾಕಾ ನನಗೆ ಇನ್ನೊಂದು ಸೌಟು ಹಾಕಿದರು. ಪಂಕ್ತಿಯೆಲ್ಲ ನಕ್ಕಿತು. ನಾನು ತಲೆ ಎತ್ತಲಿಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಈಗಿನ ಊಟ ನನಗೆ ಸೇರುವುದಿಲ್ಲ, ಮಕ್ಕಳೇ. ಭಿಕ್ಷೆಗೆ ನಿಂತಂತೆ ತಟ್ಟೆ ಹಿಡಿದು ಸಾಲು ನಿಲ್ಲುವುದು, ಫೋಟೊ ತೆಗೆಯುತ್ತ ಅನ್ನ ಆರಲು ಬಿಡುವುದು, ಇನ್ನಷ್ಟು ಹಾಕಲೇ ಎಂದು ಯಾರೂ ಯಾರನ್ನೂ ಕೇಳದಿರುವುದು... ಕೇಳಿದರೂ ಸ್ಪೀಕರಿನ ಅಬ್ಬರದಲ್ಲಿ ಕೇಳಿಸದು. ಇಷ್ಟು ವರ್ಷ ಒಳಗೊಳಗೇ ಗೊಣಗಿದ್ದೇನೆ.

ಸಹನಾ, ನಿನ್ನ ನಿಶ್ಚಯದಲ್ಲೂ ಅದೇ ಬಫೆ. ಗೋಡೆ ಬದಿಯ ಕುರ್ಚಿಯಲ್ಲಿ ನಿನ್ನ ಹುಡುಗನ ಅಜ್ಜಿ ಬರಿಗೈಲಿ ಕುಳಿತಿದ್ದರು. ಮೊಣಕಾಲು ನೋವು, ಸಾಲಿನಲ್ಲಿ ನಿಲ್ಲಲಾರರು. ಅವರೂ ನನ್ನಂತೆ ಗಂಡನನ್ನು ಕಳೆದುಕೊಂಡವರು.

"ಉಂಡ್ರೇನ್ರಿ?" ಎಂದೆ.

"ಹಸಿವಿಲ್ರಿ," ಎಂದರು. ಕಣ್ಣು ಮಾತ್ರ ಹುಗ್ಗಿಯ ಕಡೆಗಿತ್ತು. ಆ ಸುಳ್ಳನ್ನು ನಾನೇ ಎಷ್ಟು ಸಲ ಹೇಳಿದ್ದೆ!

ಅಡುಗೆಯವನ ಬಳಿ ಹೋಗಿ ಬಕೆಟ್ಟು ಕೇಳಿದೆ.

"ಅವ್ವಾರ, ಇದು ಬಫೆ ಐತ್ರಿ. ಬಡಸಂಗಿಲ್ಲ."

"ನೀ ಬಡಸಬ್ಯಾಡಪ್ಪಾ, ನಾ ಬಡಸ್ತೇನಿ!"

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಬಸು, ನೀನು ಮೊಬೈಲು ಕಿಸೆಗೆ ಹಾಕಿ ಮೇಜು ಜೋಡಿಸಿದೆ. ಹಿರಿಯರು ಕುಳಿತರು. ನೋಡುನೋಡುತ್ತ ಸಾಲಿನಲ್ಲಿ ನಿಂತವರೂ ಬಂದು ಕುಳಿತರು. ತುದಿಯಲ್ಲಿದ್ದ ಆ ಅಜ್ಜಿಯಿಂದಲೇ ನಾನು ಶುರುಮಾಡಿದೆ.

"ಅವ್ವಾರ, ಬೀಗರು ಇಲ್ಲಿ ಅದೇವ್ರಿ! ನಮಗ ಯಾವಾಗ?" ಆಚೆ ತುದಿಯಿಂದ ಹುಡುಗನ ಅಪ್ಪ ಕೂಗಿದರು.

"ನಿಮಗ ಬಾಯಿ ಐತ್ರೀ ಬೀಗ್ರ, ತಡೀರಿ!"

ಹಾಲ್ ತುಂಬ ನಗು. ತಲೆಯ ಮೇಲಿನ ಸೆರಗು ಯಾವಾಗಲೋ ಜಾರಿತ್ತು, ಎಳೆದುಕೊಳ್ಳಲಿಲ್ಲ. ಹಸಿವಿಲ್ಲವೆಂದ ಅಜ್ಜಿ ಮೂರು ಸಲ ಹಾಕಿಸಿಕೊಂಡರು. ಮದುವೆಯ ದಿನವೂ ಬಕೆಟ್ಟು ನನ್ನದೇ, ಈಗಲೇ ಹೇಳಿದ್ದೇನೆ.

ಕಾಕಾ ಇದನ್ನು ನೋಡಲಿಲ್ಲ. ಅವರು ಹೋಗಿ ಬಹಳ ವರ್ಷಗಳಾದವು. ಆ ಎರಡನೆಯ ಸೌಟಿಗಾಗಿ ಉಪಕಾರವಾಯಿತೆಂದು ನಾನು ಅವರಿಗೆ ಒಮ್ಮೆಯೂ ಹೇಳಲಿಲ್ಲ... ನಾಳೆ ಸೀರೆ ಒಗೆಯಲೇಬೇಕು, ವಾಸನೆ ಹೋಗುತ್ತದೆ. ಈ ಹಾಳೆಗಳನ್ನಾದರೂ ನೀವಿಬ್ಬರೂ ಜೋಪಾನವಾಗಿ ಇಟ್ಟುಕೊಳ್ಳಿ.