ರಿಕಾರ್ಡ್ ಸಾಹೇಬರು ಹೊತ್ತ ತಪ್ಪು

ಅವರ ಬಲಗೈಯ ನಾಲ್ಕು ಬೆರಳು ಅಂಗೈಯೊಳಗೆ ಮಡಚಿಕೊಂಡೇ ಇದ್ದವು. ಆ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು, ಅದರ ತುದಿಯಿಂದ ಕೀಲಿಮಣೆಯ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಕುಷ್ಠ ವಾಸಿಯಾಗಿ ಇಪ್ಪತ್ತು ವರ್ಷವಾಗಿದ್ದರೂ ಸವಣೂರಿನ ಅವರ ಓಣಿಯ ಮಂದಿ ಹತ್ತಿರ ಕೂಡಿಸಿಕೊಳ್ಳುತ್ತಿರಲಿಲ್ಲ. ಹಾನಗಲ್ಲಿನ ಕಡೆ ಕುಷ್ಠರೋಗಿಗಳ ಒಂದು ಧರ್ಮಾರ್ಥ ಆಸ್ಪತ್ರೆಗೆ ರೋಗಿಯಾಗಿ ಬಂದವರು ಅಲ್ಲೇ ದಾಖಲೆಗಳ ದಫ್ತರ ನೋಡಿಕೊಂಡು ಉಳಿದಿದ್ದರು. ನಮಗೆಲ್ಲ ಅವರು ರಿಕಾರ್ಡ್ ಸಾಹೇಬರು.

ಎಂಬತ್ತರ ದಶಕದ ಕೊನೆಗೆ ಆಸ್ಪತ್ರೆಗೆ ಪರದೇಶದಿಂದ ಹಳೆಯ ಯುನಿಕ್ಸ್ ಕಂಪ್ಯೂಟರೊಂದು ದಾನವಾಗಿ ಬಂತು, ಅದಕ್ಕೆ ಜೋಡಿಸಿದ ಪರದೆ-ಕೀಲಿಮಣೆಯ ಮೂರು ಟರ್ಮಿನಲ್ ಸಮೇತ. ಹುಬ್ಬಳ್ಳಿಯಲ್ಲಿ ಕೋರ್ಸ್ ಮಾಡಿದ್ದ ನಾನು ಆಪರೇಟರ್ ಆಗಿ ಸೇರಿದೆ. ರೋಗಿಗಳ ಹೆಸರಿನ ಫೈಲು ಸಾಹೇಬರ ಲಾಗಿನ್‌ನಲ್ಲಿತ್ತು, ಬೇರೆ ಯಾರೂ ಓದದಂತೆ ಮುಚ್ಚಿತ್ತು. ಅದೇ ಲಾಗಿನ್‌ನಲ್ಲಿ ನಾನೂ ಕೆಲಸ ಮಾಡುತ್ತಿದ್ದೆ. "ಈ ಹೆಸರು ಹೊರಗ ಬಿದ್ರ ಅವರು ಊರಾಗ ಬಾಳೂದು ಆಗೂದಿಲ್ಲ, ತಂಗಿ," ಎನ್ನುತ್ತಿದ್ದರು.

ಹೊಸ ಡಾಕ್ಟರಮ್ಮ ತಮ್ಮ ಟರ್ಮಿನಲ್ಲಿನಿಂದಲೇ ಆ ಫೈಲು ನೋಡಬೇಕೆಂದರು. ಅವರಿಗಾಗಿ ಫೈಲಿಗೊಂದು ಸಿಂಬಾಲಿಕ್ ಲಿಂಕ್, ಅಂದರೆ ಆ ಫೈಲಿನತ್ತ ಕೈತೋರುವ ಇನ್ನೊಂದು ಹೆಸರು, ಮಾಡಿದೆ. ಆ ಲಿಂಕಿನ ಹೆಸರು ಕೊಟ್ಟು, ಅನುಮತಿ ಬದಲಿಸುವ chmod ಹುಕುಂ ಹೊಡೆದು, ಎಲ್ಲರಿಗೂ ಓದುವ ಅನುಮತಿ ತೆರೆದೆ. ಲಿಂಕಷ್ಟೇ ತೆರೆಯುತ್ತದೆ, ಮೂಲ ಫೈಲು ಮುಚ್ಚಿಯೇ ಇರುತ್ತದೆ ಎಂದುಕೊಂಡಿದ್ದೆ. ಹುಕುಂ ಲಿಂಕನ್ನು ದಾಟಿ ಮೂಲ ಫೈಲನ್ನೇ ಮುಟ್ಟಿ, ಅದನ್ನು ಎಲ್ಲ ಟರ್ಮಿನಲ್ಲಿಗೂ ತೆರೆದಿತ್ತು. ಔಷಧದ ಉಗ್ರಾಣದ ಟರ್ಮಿನಲ್ಲಿನಲ್ಲಿ ಯಾರೋ ಹೆಸರುಗಳನ್ನು ಓದಿದರು.

ತಿಂಗಳೊಳಗೆ, ಆ ಫೈಲಿನಲ್ಲಿ ಹೆಸರಿದ್ದ ಶಿಗ್ಗಾಂವಿ ಕಡೆಯ ಒಬ್ಬ ಹುಡುಗಿಯ ಮದುವೆ ನಿಶ್ಚಯ ಮುರಿಯಿತು. ಅವಳಪ್ಪ ಬಂದು ದಫ್ತರದ ಬಾಗಿಲಲ್ಲಿ ನಿಂತ. "ನನ್ನ ಮಗಳ ಹೆಸರು ಯಾರು ಹೇಳಿದ್ರಿ?"

ಸಾಹೇಬರು ಫೈಲಿನ ಅನುಮತಿ ನೋಡಿದರು, ನನ್ನ ಮುಖ ನೋಡಿದರು. "ನನ್ನ ಕೈಯಿಂದ ತಪ್ಪಾತ್ರಿ," ಎಂದರು.

ಮರುದಿನ ಆ ಅಪ್ಪನ ಜೊತೆ ಹಿರೇಕೆರೂರಿನ ಬೀಗರ ಮನೆಗೂ ಹೋದರು. ರೋಗ ಪೂರ್ತಿ ವಾಸಿಯಾಗುತ್ತದೆ ಎನ್ನಲು ತಮ್ಮನ್ನೇ ತೋರಿಸಿದರು. ಮನೆಯವರು ಆ ಕೈ ನೋಡಿ ನೀರೂ ಕೊಡಲಿಲ್ಲವಂತೆ. ಕುಳಿತಿದ್ದ ಚಾಪೆಯನ್ನು ಅವರೆದುರೇ ಹೊರಗೆಸೆದರಂತೆ.

ಆಸ್ಪತ್ರೆಯವರು ಸಾಹೇಬರನ್ನು ಕೆಲಸದಿಂದ ಬಿಡಿಸಿದರು. ನಿಜ ಹೇಳಿಬಿಡುತ್ತೇನೆಂದು ಎದ್ದೆ.

"ಸುಮ್ನ ಕುಂದ್ರು ತಂಗಿ. ನನ್ನ ಹೆಸರು ಕೆಡಾಕ ಇನ್ನೇನ ಉಳಿದೈತಿ? ನಿಂದು ಈಗ ಸುರು ಆಗೈತಿ."

ನಾನು ಕುಳಿತೆ.

ಹೋಗುವ ಮುನ್ನ ನನ್ನಿಂದಲೇ ಆ ಫೈಲು ಮತ್ತೆ ಮುಚ್ಚಿಸಿದರು. "ಲಿಂಕ್ ಯಾವ ಫೈಲಿಗೆ ಹೋಗೈತಿ, ಮೊದಲ ನೋಡು. ಆಮ್ಯಾಲೆ ಹುಕುಂ ಕೊಡು," ಎಂದರು. ನನ್ನನ್ನು ಬೈದದ್ದೆಂದರೆ ಅಷ್ಟೇ.

ಆ ಮಳೆಗಾಲದಲ್ಲೇ ಸವಣೂರಿನಲ್ಲಿ ತೀರಿಕೊಂಡರು. ಮಣ್ಣಾದ ಮೂರನೆಯ ದಿನ ಹೋದೆ. ಅವರ ಅಕ್ಕ ಬಾಗಿಲು ತೆರೆದರು.

"ದವಾಖಾನಿಯಾಗ ಅವರ ಜೋಡಿ ಕೆಲಸ ಮಾಡ್ತಿದ್ದೆನ್ರಿ," ಎಂದೆ.

"ಒಬ್ಬಾಕಿ ಭಾಳ ಹುಷಾರ್ ಅದಾಳ, ದಫ್ತರ ಆಕಿ ಕೈಯಾಗ ಐತಿ, ಚಿಂತಿಲ್ಲ ಅಂತಿದ್ದ. ಆಕಿ ನೀವ ಏನ್ರಿ?"

"ಹೌದ್ರಿ," ಎಂದೆ. ಉಳಿದದ್ದು ಅಲ್ಲಿಯೂ ಬಾಯಿಗೆ ಬರಲಿಲ್ಲ.