ರಜೆ ಸಿಗದವರ ಪಕ್ಕದ ಸೀಟು

ಬಾಗಿಲು ಮುಚ್ಚಿದ ಜಾಗ ನನಗೆ ಆಗುವುದಿಲ್ಲ. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಮಗಳು ಮಣಿಪಾಲದಲ್ಲಿ ನರ್ಸಿಂಗ್ ಓದುವಾಗ ಅವಳ ಹಾಸ್ಟೆಲ್ ಕೋಣೆ ಐದನೇ ಮಾಳಿಗೆಯಲ್ಲಿತ್ತು. ಲಿಫ್ಟ್ ಇತ್ತು, ಚೆನ್ನಾಗಿಯೇ ಇತ್ತು. ನಾನು ಮಾತ್ರ ಪ್ರತಿ ಸಲ ಹಪ್ಪಳದ ಡಬ್ಬ, ಉಪ್ಪಿನಕಾಯಿ ಭರಣಿ ಹೊತ್ತುಕೊಂಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಅವಳ ಬಾಗಿಲು ತಟ್ಟುತ್ತಿದ್ದೆ. "ಲಿಫ್ಟ್ ಉಂಟಲ್ಲ ಅಮ್ಮ" ಎಂದರೆ "ನಿನ್ನ ಲಿಫ್ಟಿಗೆ ಬೆಂಕಿ ಬೀಳಲಿ" ಎನ್ನುತ್ತಿದ್ದೆ. ಕಾಪುವಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಉಂಟು. ಸೆಕೆಗೆ ಬೆವರಿ ನೀರಾದ ಗಿರಾಕಿಗಳು ಎಸಿ ಹಾಕಿಸಿ ಎಂದು ಎಷ್ಟು ಹೇಳಿದರೂ ನಾನು ಒಪ್ಪಲಿಲ್ಲ. ಎಸಿ ಹಾಕಿದರೆ ಬಾಗಿಲು ಮುಚ್ಚಬೇಕಲ್ಲ.

ಇಂಥ ನಾನು ವಿಮಾನ ಹತ್ತಬೇಕಾಗಿ ಬಂತು.

ಮಗಳು ದುಬೈಯಲ್ಲಿ ನರ್ಸ್. ಅಳಿಯ ಹಡಗಿನಲ್ಲಿ ಕೆಲಸ ಮಾಡುವವನು, ಒಮ್ಮೆ ಹೊರಟರೆ ತಿಂಗಳುಗಟ್ಟಲೆ ನೀರಿನ ಮೇಲೆಯೇ ಇರುತ್ತಾನೆ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು, ಸೀಮಂತ ಮುಗಿಸಿ ನಮ್ಮೂರು ಇನ್ನಂಜೆಗೆ ಬಂದುಬಿಡುತ್ತೇನೆ ಎಂದು ಅವಳೇ ಹೇಳಿದ್ದಳು. ಅಷ್ಟರಲ್ಲಿ ರಕ್ತದೊತ್ತಡ ಏರಿತು. ವಿಮಾನ ಹತ್ತುವ ಮಾತೇ ಬೇಡ, ಮಲಗಿಕೊಂಡಿರು ಎಂದರು ಅಲ್ಲಿಯ ಡಾಕ್ಟರು. ಅಳಿಯನ ಹಡಗು ಆಗ ಎಲ್ಲೋ ದಕ್ಷಿಣ ಅಮೆರಿಕದ ಕಡೆ ಇತ್ತು, ರಜೆ ಸಿಗುವ ಹಾಗಿರಲಿಲ್ಲ. ನಾನು ಹೋಗದಿದ್ದರೆ ಅವಳು ಹೆರಿಗೆಗೆ ಒಬ್ಬಳೇ.

ಗಂಡ ಹತ್ತಿರ ಇಲ್ಲದೆ ಹೆರುವುದು ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಮಗಳನ್ನು ನಾನು ಹೆತ್ತದ್ದು ಕಾರ್ಕಳದ ತವರಿನಲ್ಲಿ. ನೋವು ಶುರುವಾಗಿ ಒಂದು ಇಡೀ ದಿನ ದಾಟಿದರೂ ಮಗು ಬರಲಿಲ್ಲ. ಆಪರೇಶನ್ ಆಗಬೇಕು, ಗಂಡನ ಸಹಿ ಬೇಕು ಎಂದು ಆಸ್ಪತ್ರೆಯವರು ಹೇಳಿದಾಗ ಅಣ್ಣ ಓಡಿ ಬಂದು ಸಹಿ ಹಾಕಿದ. ಇವರು, ಅಂದರೆ ನನ್ನ ಗಂಡ, ಆಗ ಗಲ್ಫಿನಲ್ಲಿ ಡ್ರೈವರ್. ರಜೆ ಸಿಗಲಿಲ್ಲ ಎಂದು ಫೋನು ಬಂದಿತ್ತು. ಆ ಕಂಪೆನಿಯ ಮ್ಯಾನೇಜರನಿಗೆ ನಾನು ಹಾಕಿದ ಶಾಪ ಅಷ್ಟಿಷ್ಟಲ್ಲ. ಅವನ ಹೆಂಡತಿ ಹೆರುವಾಗ ಅವನೂ ದೂರದಲ್ಲಿರಲಿ ಎಂದೆ, ಅವನ ಕಾರಿನ ನಾಲ್ಕೂ ಟಯರು ಮರಳಲ್ಲಿ ಹೂತು ಹೋಗಲಿ ಎಂದೆ. ಇವರು ಕೊನೆಗೆ ಊರಿಗೆ ಬಂದಾಗ ಮಗಳು ಅಂಗಳದಲ್ಲಿ ಓಡಾಡುತ್ತಿದ್ದಳು. ಇವರನ್ನು ನೋಡಿ ಹೆದರಿ "ಮಾಮ" ಎಂದು ಕರೆದು ನನ್ನ ಸೆರಗಿನ ಹಿಂದೆ ಅಡಗಿದ್ದಳು.

ಹಾಗಾಗಿ ಹೋಗುವುದು ಎಂದು ನಾನು ಗಟ್ಟಿ ಮಾಡಿದೆ. ಆದರೆ ಒಬ್ಬಳೇ ಹೋಗಲಾರೆ, ಸತ್ತರೂ ಹೋಗಲಾರೆ ಎಂದೂ ಹೇಳಿದೆ. ನಮ್ಮ ಮಂಗಳೂರಿನ ವಿಮಾನ ನಿಲ್ದಾಣ ಗುಡ್ಡದ ನೆತ್ತಿ ಬೋಳಿಸಿ ಕಟ್ಟಿದ್ದು. ಅಲ್ಲಿ ಹಿಂದೆ ಇಳಿಯುತ್ತಿದ್ದ ವಿಮಾನಕ್ಕೆ ಏನಾಗಿತ್ತು ಎಂದು ಈ ಕಡೆಯವರಿಗೆ ನೆನಪು ಮಾಡಬೇಕಾಗಿಲ್ಲ, ಅದನ್ನು ಇಲ್ಲಿ ಬರೆಯುವ ಧೈರ್ಯವೂ ನನಗಿಲ್ಲ.

"ನಾನಿದ್ದೇನಲ್ಲ, ಎಂತ ಹೆದರಿಕೆ? ಬಸ್ಸಿನಲ್ಲಿ ಕೂತ ಹಾಗೆಯೇ" ಎಂದರು ಇವರು.

ಇವರ ಮಾತನ್ನು ನಾನು ನಂಬಿದೆ, ನಂಬದೆ ಇರುವುದು ಹೇಗೆ? ಇನ್ನಂಜೆಯಲ್ಲಿ ಯಾರೇ ಗಲ್ಫಿಗೆ ಹೊರಟರೂ ಮೊದಲು ಬರುವುದು ನಮ್ಮ ಮನೆಗೆ. ಬ್ಯಾಗು ತೂಗುವ ಕೊಕ್ಕೆ ತಕ್ಕಡಿ ಇರುವುದು ಇವರ ಹತ್ತಿರ. ರಟ್ಟಿನ ಪೆಟ್ಟಿಗೆಗೆ ನೈಲಾನ್ ಹಗ್ಗ ಅಡ್ಡ ಉದ್ದ ಸುತ್ತಿ, ಕಾಲಿನಿಂದ ಒತ್ತಿ ಹಿಡಿದು ಗಂಟು ಹಾಕುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಉಪ್ಪಿನಕಾಯಿಗೆ ಎಷ್ಟು ಸುತ್ತು ಪ್ಲಾಸ್ಟಿಕ್, ಒಣಮೀನನ್ನು ಎಲ್ಲಿ ಇಡಬೇಕು ಎಂಬುದೆಲ್ಲ ಬಾಯಿಪಾಠ. ಪೆಟ್ಟಿಗೆ ಕಟ್ಟುತ್ತಾ ಪ್ರತಿಯೊಬ್ಬರಿಗೂ ತಪ್ಪದೆ ಒಂದು ಭಾಷಣ: "ಬೇರೆ ಎಂತ ಬೇಕಾದರೂ ತಕೊಂಡು ಹೋಗಿ, ಒಣ ಕೊಬ್ಬರಿ ಮಾತ್ರ ಬೇಡ ಮಾರಾಯ್ರೆ. ಅದರಲ್ಲಿ ಎಣ್ಣೆ ಉಂಟು, ಬೆಂಕಿ ಹಿಡಿಯುತ್ತದೆ ಅಂತ ವಿಮಾನಕ್ಕೆ ಬಿಡುವುದಿಲ್ಲ." ಆ ಭಾಷಣ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಹೊರಡುವ ವಾರ ಇವರು ನನಗೆ ತರಬೇತಿ ಕೊಟ್ಟರು. ಚಾವಡಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಒತ್ತೊತ್ತಾಗಿ ಇಟ್ಟು, ನನ್ನ ಹೊಟ್ಟೆಗೆ ಮೈ ಒರೆಸುವ ಬೈರಾಸು ಬಿಗಿದು "ಇದು ಬೆಲ್ಟ್" ಎಂದರು. ಹಾಲು ಕೊಡಲು ಬಂದ ಪಕ್ಕದ ಮನೆಯವಳು ನಮ್ಮಿಬ್ಬರನ್ನು ನೋಡಿ, ಹಾಲಿನ ಪಾತ್ರೆ ಮೆಟ್ಟಿಲಲ್ಲಿಟ್ಟು ನಗುತ್ತಾ ಹೋದಳು.

ಹೊರಟ ದಿನ ಬೆಳಿಗ್ಗೆ ಇವರು ಏನೂ ತಿನ್ನಲಿಲ್ಲ. ಕೇಳಿದರೆ ವ್ರತ ಎಂದರು. ಹಿಂದೆಯೂ ಊರಿಂದ ಹೊರಡುವ ದಿನ ಹೀಗೆಯೇ ಉಪವಾಸ ಇರುತ್ತಿದ್ದರು, ಯಾವ ದೇವರ ವ್ರತ ಎಂದು ನಾನು ಕೇಳಿರಲಿಲ್ಲ. ಬೀಳ್ಕೊಡಲು ಯಾರೂ ಬರುವುದು ಬೇಡ ಎನ್ನುತ್ತಿದ್ದದ್ದೂ ಇವರೇ. ಬೇರೆಯವರ ಮನೆಯಿಂದ ಜೀಪು ತುಂಬ ಜನ ಹೋಗಿ ಕೈಬೀಸಿ ಬರುತ್ತಿದ್ದರು. ನಮ್ಮವರು ಒಬ್ಬರೇ ಹೋಗುತ್ತಿದ್ದರು. ಕಲ್ಲೆದೆಯ ಮನುಷ್ಯ ಎಂದು ನಾನು ಒಳಗೊಳಗೇ ಬೈದುಕೊಂಡು ಸುಮ್ಮನಾಗುತ್ತಿದ್ದೆ.

ವಿಮಾನ ನಿಲ್ದಾಣದಲ್ಲಿ ಸಾಮಾನು ಕೊಟ್ಟು ಉಸಿರು ಬಿಡುವಷ್ಟರಲ್ಲಿ ನಮ್ಮನ್ನು ಕರೆದರು. ಪೆಟ್ಟಿಗೆ ಬಿಚ್ಚಬೇಕಂತೆ. ಸಮವಸ್ತ್ರದವನೊಬ್ಬ ಇವರ ಅಷ್ಟು ಚಂದದ ಗಂಟನ್ನು ಕತ್ತರಿಸಿ, ಬಾಣಂತಿ ಲೇಹ್ಯ, ಮಗುವಿಗೆಂದು ಹಳೆ ಸೀರೆಯ ಬಟ್ಟೆ ಎಲ್ಲ ಹೊರಗಿಟ್ಟು, ಅಡಿಯಿಂದ ಒಂದು ಪೊಟ್ಟಣ ಎತ್ತಿದ. ಒಣ ಕೊಬ್ಬರಿಯ ಗಿಟುಕುಗಳು! ಬಾಣಂತಿಗೆ ಲಾಡು ಕಟ್ಟಲೆಂದು ನಾನು ಅಡಿಗೆಮನೆಯಲ್ಲಿ ತೆಗೆದಿಟ್ಟದ್ದು. ಪೆಟ್ಟಿಗೆ ತುಂಬಿದ್ದು ಇವರು.

"ನೀವೇ ಹಾಕಿದ್ದಾ ಇದನ್ನು?" ಎಂದೆ.

"ಗೊತ್ತಿಲ್ಲ" ಎಂದರು. ಮುಖದಲ್ಲಿ ರಕ್ತವೇ ಇರಲಿಲ್ಲ.

ಊರಿಗೆಲ್ಲ ಪಾಠ ಹೇಳಿದವರು ಇವರು. ವಯಸ್ಸಾಯಿತು, ಅರಳುಮರಳು ಶುರುವಾಯಿತು ಎಂದುಕೊಂಡು ನನಗೆ ಇನ್ನೊಂದು ಹೊಸ ಹೆದರಿಕೆ ಹುಟ್ಟಿತು. ಆ ಹೆದರಿಕೆಯಲ್ಲೇ ವಿಮಾನದೊಳಗೆ ಹೋಗಿ ಕೂತೆ. ಕಿಟಕಿಯ ಹತ್ತಿರ ಯಾರೋ ಒಬ್ಬರು ಆಗಲೇ ಮುಖಕ್ಕೆ ಟವೆಲ್ ಹಾಕಿ ನಿದ್ದೆ ಹೋಗಿದ್ದರು. ನಡುವೆ ನಾನು, ಈಚೆ ಬದಿಗೆ ಇವರು. ಬಾಗಿಲು ಮುಚ್ಚಿದ ಸದ್ದು ಕೇಳಿತು. ಮುಂದಿನ ಸೀಟು ಮುಖಕ್ಕೆ ಒತ್ತಿಕೊಂಡು ಬಂದ ಹಾಗಾಯಿತು. ಇಳಿಯುತ್ತೇನೆ ಎಂದು ಕಿರುಚಬೇಕು ಅನಿಸಿತು, ಮಗಳು ಒಬ್ಬಳೇ ಮಲಗಿರುವುದು ಕಣ್ಣ ಮುಂದೆ ಬಂತು, ಬಾಯಿ ಮುಚ್ಚಿದೆ. ವಿಮಾನ ಓಡಿ ಓಡಿ ನೆಲ ಬಿಟ್ಟಾಗ ಇವರ ಕೈ ಹಿಡಿದುಕೊಳ್ಳೋಣ ಎಂದು ಕೈ ಚಾಚಿದೆ.

ಆ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು. ತಣ್ಣಗೆ, ಒದ್ದೆ ಒದ್ದೆ. ಕಣ್ಣು ಬಿಗಿಯಾಗಿ ಮುಚ್ಚಿತ್ತು.

"ಎಂತ ಆಯ್ತು? ಎದೆನೋವಾ?"

"ಅಲ್ಲ."

"ಮತ್ತೆ?"

"ಇದು ನನಗೆ ಆಗುವುದಿಲ್ಲ ಮಾರಾಯ್ತಿ. ಯಾವತ್ತೂ ಆಗುತ್ತಿರಲಿಲ್ಲ."

ನನಗೆ ಮೊದಲು ನಗು ಬಂತು, ನಿಜ ಹೇಳುತ್ತೇನೆ. "ಎಂತ ತಮಾಷೆ ಇದು? ಅಷ್ಟು ವರ್ಷ ಹೋಗಿ ಬಂದವರು ನೀವು!"

"ಹೋಗಿ ಬಂದದ್ದು ಎಷ್ಟು ಸಲ, ನೀನೇ ಹೇಳು."

ನನ್ನ ನಗು ಅಲ್ಲಿಗೇ ನಿಂತಿತು. ಅಕ್ಕಪಕ್ಕದ ಮನೆಯ ಗಂಡಸರು ವರ್ಷಕ್ಕೊಮ್ಮೆ ಬರುತ್ತಿದ್ದರು. ಇವರು ಬರುತ್ತಿದ್ದದ್ದು ಎರಡು ವರ್ಷಕ್ಕೆ, ಮೂರು ವರ್ಷಕ್ಕೆ. ಒಮ್ಮೆ ಕೆಲಸ ಜಾಸ್ತಿ, ಒಮ್ಮೆ ಬೇರೆಯವನಿಗೆ ರಜೆ ಕೊಟ್ಟಾಗಿದೆ, ಒಮ್ಮೆ ಮ್ಯಾನೇಜರನ ತಲೆ ಸರಿ ಇಲ್ಲ. ನನ್ನ ಅಪ್ಪ ತೀರಿಕೊಂಡಾಗ ಬರಲಿಲ್ಲ, ಮಗಳನ್ನು ಶಾಲೆಗೆ ಸೇರಿಸುವಾಗ ಬರಲಿಲ್ಲ.

"ರಜೆ ಸಿಗುತ್ತಿತ್ತಾ?" ಎಂದೆ.

"ಸಿಗುತ್ತಿತ್ತು."

"ಇವಳು ಹುಟ್ಟುವಾಗ?"

ವಿಮಾನ ಒಂದು ಬದಿಗೆ ವಾಲಿತು. ಇವರು ನನ್ನ ಕೈ ಜಜ್ಜಿ ಹೋಗುವ ಹಾಗೆ ಹಿಡಿದರು. ನೆಟ್ಟಗಾದ ಮೇಲೆ, ಕಣ್ಣು ತೆರೆಯದೆಯೇ ಹೇಳಿದರು. "ಸಿಕ್ಕಿತ್ತು. ಟಿಕೆಟ್ ಕೂಡ ಆಗಿತ್ತು. ಏರ್‌ಪೋರ್ಟಿನ ತನಕ ಹೋಗಿ ಸಾಲಿನಲ್ಲಿ ನಿಂತಿದ್ದೆ. ಕಾಲು ಮುಂದೆ ಬರಲಿಲ್ಲ. ಟ್ಯಾಕ್ಸಿ ಹಿಡಿದು ರೂಮಿಗೆ ವಾಪಸ್ ಹೋದೆ."

ಮನೆಯಲ್ಲಿ ಜಗಳವಾದರೆ ನಾನು ಅಂಗಳಕ್ಕೆ ಇಳಿದುಬಿಡುವವಳು. ಮಲ್ಲಿಗೆ ಗಿಡಗಳ ನಡುವೆ ನಿಂತು, ಕಂಡ ಕಂಡ ಕಳೆ ಕಿತ್ತು ಬಿಸಾಡಿ, ಸಿಟ್ಟು ಇಳಿದ ಮೇಲೆ ಒಳಗೆ ಬರುವವಳು. ಇಲ್ಲಿ ಎಲ್ಲಿಗೆ ಹೋಗಲಿ? ಹೊಟ್ಟೆಗೆ ಬೆಲ್ಟು, ಆಚೆಗೆ ಟವೆಲ್ ಹೊದ್ದವರು, ಈಚೆಗೆ ಇವರೇ. ಎದ್ದು ಹೋಗಬೇಕಾದರೂ ಇವರ ಮೊಣಕಾಲು ದಾಟಿಯೇ ಹೋಗಬೇಕು. ನನಗೆ ಇಷ್ಟು ವರ್ಷ ಮೋಸ ಮಾಡಿದ ಮನುಷ್ಯನ ಪಕ್ಕದಲ್ಲಿ, ತೋಳಿಗೆ ತೋಳು ತಾಗಿಸಿಕೊಂಡು, ದುಬೈ ಬರುವ ತನಕ ಕೂರಬೇಕಿತ್ತು. ಅಂಥ ಶಿಕ್ಷೆ ಯಾವ ಕೋರ್ಟೂ ಕೊಟ್ಟಿರಲಿಕ್ಕಿಲ್ಲ.

"ಹೆದರಿಕೆ ಆಯ್ತು ಅಂತ ಹೇಳಬಹುದಿತ್ತಲ್ಲ?"

"ಯಾರಿಗೆ? ನಿನ್ನ ಅಣ್ಣನಿಗಾ? ಊರಿಡೀ ನಗುತ್ತಿತ್ತು."

"ನನಗೆ ಹೇಳಬಹುದಿತ್ತು."

ಆಮೇಲೆ ತುಂಡು ತುಂಡಾಗಿ ಹೇಳಿದರು. ರೂಮಿನಲ್ಲಿದ್ದ ಬೇರೆ ಊರಿನವರು ಇಬ್ಬರು ಇವರನ್ನು ನಡುವೆ ಕೂರಿಸಿ, ಮಗುವನ್ನು ಹಿಡಿದುಕೊಂಡ ಹಾಗೆ ಹಿಡಿದುಕೊಂಡು ಬೊಂಬಾಯಿಗೆ ಕರೆತಂದರಂತೆ. ಅದು ಮಗಳು ಮಾಮ ಎಂದು ಕರೆದ ಆ ಸಲ. ವ್ರತವೂ ಇಲ್ಲ ಎಂತದೂ ಇಲ್ಲ, ತಿಂದರೆ ವಾಂತಿ. ಬೀಳ್ಕೊಡಲು ಬರಬೇಡಿ ಎಂದದ್ದು ನಾವು ನೋಡಬಾರದು ಎಂದು. ರಜೆ ಹತ್ತಿರ ಬಂದ ಹಾಗೆ ನಿದ್ದೆ ಹಾರಿ ಹೋಗುತ್ತಿತ್ತಂತೆ. ಊರಿಗೆ ಬಂದರೂ ಸುಖವಿಲ್ಲ, ಮತ್ತೆ ವಾಪಸ್ ಹತ್ತಬೇಕಲ್ಲ. ಅಲ್ಲಿದ್ದರೆ ನಮ್ಮ ನೆನಪು, ಇಲ್ಲಿದ್ದರೆ ವಿಮಾನದ ನೆನಪು. ಅವರ ಪಾಡೂ ಪಾಡೇ. ನನಗೆ ಕನಿಕರ ಬಂತಾ? ಬಂತು. ಸಿಟ್ಟು ಕಡಿಮೆಯಾಯಿತಾ? ಇಲ್ಲ. ಕಾರ್ಕಳದ ಆ ಮಂಚದಲ್ಲಿ ನಾನು ಬಾಗಿಲು ನೋಡುತ್ತಾ ಮಲಗಿದ್ದೆ. ಅದನ್ನು ಯಾರ ಹೆದರಿಕೆಯೂ ಅಳಿಸಲಾರದು.

"ಮತ್ತೆ ಈಗ ಯಾಕೆ ಹತ್ತಿದಿರಿ?" ಎಂದೆ, ತಿವಿಯುವ ಹಾಗೆಯೇ.

"ನೀನು ಒಬ್ಬಳೇ ಹೋಗುವುದಿಲ್ಲ ಅಂದೆಯಲ್ಲ. ನೀನು ಹೋಗದಿದ್ದರೆ ಅವಳಿಗೆ ಯಾರು?"

ಟ್ರೇಯಲ್ಲಿ ಏನೋ ಉಪ್ಪಿಟ್ಟು ಬಂತು, ಇಬ್ಬರೂ ಮುಟ್ಟಲಿಲ್ಲ. ಇಳಿಯುವ ತನಕ ನಾನು ಆ ಕೈ ಬಿಡಲಿಲ್ಲ. ಅದು ಪ್ರೀತಿಯಾ, ನನ್ನದೇ ಹೆದರಿಕೆಯಾ, ಈಗ ಕೇಳಿದರೂ ನನಗೆ ತಿಳಿಯದು.

ಮಗಳ ಮನೆ ಹದಿನೆಂಟನೇ ಮಾಳಿಗೆಯಲ್ಲಿ. ಅಲ್ಲಿ ಮೆಟ್ಟಿಲಿನ ಆಟ ನಡೆಯುವುದಿಲ್ಲ. ಕಣ್ಣು ಮುಚ್ಚಿ ಲಿಫ್ಟಿನಲ್ಲಿ ಹೋದೆ. ಕಿಟಕಿ ತೆರೆಯುವ ಹಾಗಿಲ್ಲ, ಹೊರಗೆ ಇಳಿಯುವ ಹಾಗಿಲ್ಲ, ಇವರ ಮುಖ ನೋಡದೆ ಇರುವ ಹಾಗೂ ಇಲ್ಲ. ಚಾ ಕೊಡುವಾಗ ಲೋಟವನ್ನು ಟೇಬಲ್ಲಿನ ಮೇಲೆ ಕುಕ್ಕಿ ಬರುತ್ತಿದ್ದೆ. "ಎಂತ, ಇಬ್ಬರೂ ಮಾತೇ ಆಡುವುದಿಲ್ಲ?" ಎಂದು ಮಗಳು ಕೇಳಿದಾಗ "ನಿನ್ನ ಅಪ್ಪನಿಗೆ ವಿಮಾನದಲ್ಲಿ ಕಿವಿ ಕಟ್ಟಿದೆ" ಎಂದೆ. ಅವಳು ಪಾಪ ಕಿವಿಗೆ ಹಾಕುವ ಮದ್ದು ಹುಡುಕಲು ಎದ್ದಳು. ಇವಳಿಗೆ ಎಲ್ಲ ಹೇಳಿಬಿಡುತ್ತೇನೆ ಎಂದು ನಾನು ಗಟ್ಟಿ ಮಾಡಿದ್ದೆ. ಹೆರಿಗೆ ಒಂದು ಮುಗಿಯಲಿ, ಆಮೇಲೆ ಎಲ್ಲವನ್ನೂ ಹೇಳುತ್ತೇನೆ. ಇವಳೂ ಅಪ್ಪನಿಲ್ಲದೆ ಬೆಳೆದವಳು, ಗೊತ್ತಾಗಬೇಕಾದ್ದು ನ್ಯಾಯ.

ಹೆರಿಗೆ ಆಯಿತು. ನಾನು ಒಳಗೆ ಅವಳ ತಲೆಯ ಹತ್ತಿರವೇ ಇದ್ದೆ, ಅವಳು ಒಬ್ಬಳೇ ಆಗಲಿಲ್ಲ. ಹೆಣ್ಣು ಮಗು. ಒತ್ತಡ ಇಳಿಯಿತು, ಇಬ್ಬರೂ ಕ್ಷೇಮ ಎಂದರು. ಮಾರನೆಯ ಬೆಳಿಗ್ಗೆ ಇವರು ಕೋಣೆಗೆ ಬಂದರು. ಮಗುವನ್ನು ಎತ್ತಿಕೊಳ್ಳಲು ಧೈರ್ಯವಾಗದೆ, ತೊಟ್ಟಿಲ ಹತ್ತಿರ ಕೈಕಟ್ಟಿ ನಿಂತರು.

ಮಗಳ ಫೋನಿನಲ್ಲಿ ಅಳಿಯ ಹಡಗಿನಿಂದ ಮಾತಾಡಿ ಅತ್ತು ಮುಗಿಸಿದ್ದ. ಅವಳು ಫೋನು ಕೆಳಗಿಟ್ಟು, ದಿಂಬಿಗೆ ಒರಗಿ ನಕ್ಕಳು.

"ಅವರಿಗೆ ರಜೆ ಸಿಗದ್ದು ನನಗೆ ಅಷ್ಟು ಬೇಸರ ಇಲ್ಲ ಅಮ್ಮ. ನಾನು ಹುಟ್ಟುವಾಗ ಅಪ್ಪನಿಗೂ ಸಿಗಲಿಲ್ಲ ಅಲ್ವಾ? ಎಷ್ಟು ಕೇಳಿಕೊಂಡರೂ ಆ ಕಂಪೆನಿಯವರು ಬಿಡಲಿಲ್ಲ ಅಂತ ನೀನೇ ಹೇಳುತ್ತಿದ್ದಿ. ಅದನ್ನೇ ನೆನೆಸಿಕೊಂಡು ಗಟ್ಟಿ ಇದ್ದೆ ನಾನು. ಬರಲಿಕ್ಕೆ ಮನಸ್ಸಿದ್ದರೂ ಬರಲಿಕ್ಕಾಗದವರು ಇರುತ್ತಾರೆ ಅಂತ."

ಇವರು ತಲೆ ಎತ್ತಿ ನನ್ನನ್ನು ನೋಡಿದರು. ನಾನು ಹೇಳಬೇಕೆಂದು ಕಾದಿದ್ದ ಗಳಿಗೆ ಇದೇ. ಮಾತು ನಾಲಿಗೆಯ ತುದಿಯಲ್ಲಿತ್ತು. ಮಗಳು ಆ ನಂಬಿಕೆಯನ್ನು ತಬ್ಬಿಕೊಂಡು ನೋವು ತಿಂದಿದ್ದಳು, ಎದೆಹಾಲು ಇನ್ನೂ ಇಳಿಯಬೇಕಿತ್ತು.

"ಹೌದು ಮಗಾ" ಎಂದೆ. "ಕೊಡಲಿಲ್ಲ ಅವರು. ಅಪ್ಪ ತುಂಬಾ ಕೇಳಿಕೊಂಡಿದ್ದರು."

ಇವರು ಗೋಡೆಯ ಕಡೆ ತಿರುಗಿ ಬಿಕ್ಕಿ ಬಿಕ್ಕಿ ಅತ್ತರು. "ಅಪ್ಪ, ಮೊಮ್ಮಗಳು ಬಂದ ಖುಷಿಗೆ ಅಳುವುದಾ?" ಎಂದು ಮಗಳು ನಕ್ಕಳು. ನಾನೂ ನಕ್ಕು ಮಗುವನ್ನು ಅವರ ಕೈಗೆ ಕೊಟ್ಟೆ.