ತೊಂಬತ್ತಾರು ತೂತುಗಳ ಹಾಜರಿ

ಗಾಳಿಮಾತು ನಂಬಬೇಡಿ ಎಂದು ಬುದ್ಧಿ ಹೇಳುವವರು ಬಹಳ. ಇದು ಗಾಳಿಯದ್ದೇ ಮಾತು, ಆದರೂ ನಂಬಬಹುದು. ಇಲ್ಲಿನವರು ಗಾಳಿಯನ್ನು ಅಳೆಯದೆ ಬಾಯಿ ತೆರೆಯುವುದಿಲ್ಲ.

ಗುರುವಾರ, ಬೆಳಗಿನ ಐದೂಮುಕ್ಕಾಲು. ಗೋಟಿಂಗೆನ್ ಊರಂಚಿನ ಗಾಳಿಸುರಂಗದೊಳಗೆ ಹೆನ್ನಿಂಗ್ ಆಲ್‌ಬಾರ್ನ್ ಬರೀ ಕಾಲುಚೀಲದಲ್ಲಿ ಮಂಡಿಯೂರಿ ಕೂತಿದ್ದಾರೆ. ಎದುರಿಗೆ ವಿಮಾನದ ಒಂದು ಒಂಟಿ ರೆಕ್ಕೆ. ಅದರ ಮೈಮೇಲೆ ಅರ್ಧ ಮಿಲಿಮೀಟರಿನ ತೊಂಬತ್ತಾರು ತೂತು. ಕೈಯಲ್ಲಿ ಔಷಧಿ ಅಂಗಡಿಯಿಂದ ತಂದ, ಮಕ್ಕಳ ಮೂಗಿನ ಸಿಂಬಳ ತೆಗೆಯುವ ರಬ್ಬರ್ ಬುರುಡೆ. ಅದರ ಮೂತಿಯನ್ನು ಒಂದು ತೂತಿಗೆ ಒತ್ತಿ, ಮೆಲ್ಲಗೆ ಹಿಸುಕಿ, "ಒಂಬತ್ತು" ಎನ್ನುತ್ತಾರೆ. ಯಾರೂ ಓಗೊಡುವುದಿಲ್ಲ. "ಹತ್ತು" ಎನ್ನುತ್ತಾರೆ.

ಅರವತ್ತೊಂದರ ಆಲ್‌ಬಾರ್ನ್ ಈ ಕೆಲಸಕ್ಕೆ ಬಂದು ಮೂವತ್ತೊಂದು ವರ್ಷ. ದೊಡ್ಡ ಪಂಖ ಎಬ್ಬಿಸುವ ಗಾಳಿಗೆ ರೆಕ್ಕೆಯನ್ನು ಒಡ್ಡಿ ನಿಲ್ಲಿಸುತ್ತಾರೆ. ಪ್ರತಿ ತೂತಿನಿಂದ ಒಂದು ಸಣ್ಣ ನಳಿಕೆ ಹೊರಟು ಅಲ್ಲಿನ ಒತ್ತಡವನ್ನು ಮಾಪಕಕ್ಕೆ ಮುಟ್ಟಿಸುತ್ತದೆ. ಮುಂದುಗಡೆ ಗಾಳಿಗೆ ಮೂಗೊಡ್ಡಿ ನಿಂತ ಬಾಗಿದ ಕೊಳವೆಯೊಂದಿದೆ. ಅದರ ಮೂಗಿಗೆ ಬಡಿಯುವ ಒತ್ತಡದಲ್ಲಿ ಪಕ್ಕೆಯ ಒತ್ತಡ ಕಳೆದರೆ ಗಾಳಿಯ ವೇಗ ಸಿಗುತ್ತದೆ. ಇವುಗಳಿಗೆಲ್ಲ ಜೀವ ಇದೆಯೇ ಎಂದು ಗಾಳಿ ಬಿಡುವ ಮುಂಚೆ ನೋಡುವುದು ಆಲ್‌ಬಾರ್ನ್ ಕೆಲಸ. ಈವರೆಗೆ ಇನ್ನೂರ ಹನ್ನೆರಡು ಮಾದರಿಗಳನ್ನು ನೋಡಿದ್ದಾರೆ. ಅವುಗಳ ವರದಿಗಳಲ್ಲಿ ಅವರ ಹೆಸರು ಎಲ್ಲೂ ಇಲ್ಲ.

"ಡಾಕ್ಟರು ಎದೆ ನೋಡ್ತಾರಲ್ಲ, ಹಂಗೆ," ಎನ್ನುತ್ತಾರೆ. "ಏನಂದ್ರೆ, ಈ ರೋಗಿಗಳು ಯಾರೂ ಥ್ಯಾಂಕ್ಸ್ ಹೇಳಲ್ಲ."

ಮೊದಲು ಇದು ಇಬ್ಬರ ಕೆಲಸವಾಗಿತ್ತು. ಹೊರಗೆ, ಬಣ್ಣದ ನೀರು ತುಂಬಿದ ತೊಂಬತ್ತಾರು ಗಾಜಿನ ಕೊಳವೆಗಳ ಮುಂದೆ ಏವಾಲ್ಡ್ ಗ್ರೋಟೆ ಕೂರುತ್ತಿದ್ದರು. ಇವರು ಒಳಗಿನಿಂದ ನಂಬರು ಕೂಗಿದರೆ, ಆ ಕೊಳವೆಯ ನೀರು ಎದ್ದದ್ದು ನೋಡಿ ಅವರು "ಹಾಜರ್" ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೆ. ಒಂಬತ್ತು ವರ್ಷದ ಹಿಂದೆ ಏವಾಲ್ಡ್ ತೀರಿಕೊಂಡರು, ಗಾಜಿನ ಗೋಡೆ ಹೋಗಿ ಪರದೆ ಬಂತು. ಈಗ ಆಲ್‌ಬಾರ್ನ್ ಒಬ್ಬರೇ ಒತ್ತಿ, ಒಬ್ಬರೇ ಕೂಗಿ, ಆಮೇಲೆ ಹೊರಗೆ ಹೋಗಿ ಪರದೆಯ ದಾಖಲೆಯನ್ನು ಒಂದೊಂದಾಗಿ ಓದುತ್ತಾರೆ. ಒಂದೂಕಾಲು ಗಂಟೆ.

"ಕೂಗೋದ್ಯಾಕೆ, ಕೇಳೋರೇ ಇಲ್ವಲ್ಲ?" ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧ.

"ಕೂಗದೆ ಇದ್ರೆ ಲೆಕ್ಕ ತಪ್ಪುತ್ತೆ." ಆಮೇಲೆ, "ಮನೇಲೂ ಮಾತಾಡೋರಿಲ್ಲ ನೋಡಿ. ಗಂಟಲಿಗೆ ತುಕ್ಕು ಹಿಡಿಯುತ್ತೆ."

ಇವತ್ತು ಅವರು ಕದ್ದು ಬಂದಿದ್ದಾರೆ. ಯಂತ್ರವೇ ನಳಿಕೆಗಳಿಗೆ ಹಿಂದಿನಿಂದ ಗಾಳಿ ಊದಿ ಮೂರು ನಿಮಿಷದಲ್ಲಿ ಸೋರಿಕೆ ಹೇಳುವಾಗ, ಮನುಷ್ಯ ಒಳಗೆ ಹೋಗಿ ಕೂಗುವುದು ಯಾಕೆ ಎಂದು ಮುಖ್ಯಸ್ಥ ಡಾಕ್ಟರ್ ವಾರ್ನೆಕೆ ಎರಡು ವಾರದ ಹಿಂದೆ ಅದನ್ನು ನಿಲ್ಲಿಸಿದ್ದಾರೆ. ನಾಳೆ ಶುಕ್ರವಾರದ ಸಭೆಯಲ್ಲಿ ಆ ಕೆಲಸವನ್ನು ನಿಯಮದ ಪಟ್ಟಿಯಿಂದಲೇ ತೆಗೆಯುತ್ತಾರೆ. ಅಲ್ಲಿಗೆ ಆಲ್‌ಬಾರ್ನ್ ಅವರ ಬೆಳಗುಗಳು ಮುಗಿದಂತೆ. ಕದ್ದು ಬಂದರೂ ಬೂಟುಗಳನ್ನು ಮಾತ್ರ ಬಾಗಿಲ ಹೊರಗೇ ಬಿಟ್ಟಿದ್ದಾರೆ. ಬಾಗಿಲಲ್ಲಿ ಬೂಟು ಕಂಡರೆ ಒಳಗೆ ಜನ ಇದ್ದಾರೆ, ಪಂಖ ತಿರುಗಿಸಬಾರದು ಎಂಬುದು ಇಲ್ಲಿನ ಪದ್ಧತಿ. ಕಳ್ಳತನಕ್ಕೋಸ್ಕರ ಅದನ್ನು ಮುರಿಯಲು ಅವರಿಗೆ ಮನಸ್ಸು ಬಂದಿಲ್ಲ.

"ಹದಿನೇಳು."

ಗೋಡೆಯ ಸ್ಪೀಕರ್ ಗೊರಗುಟ್ಟುತ್ತದೆ. "ಯಾರ್ರೀ ಅದು ಒಳಗೆ?"

ಮೂಗಿನಲ್ಲಿ ಎಳೆದ, ಕೊನೆಯಲ್ಲಿ ಕೆಮ್ಮಿದ ದನಿ. ಸಾಕ್ಷಾತ್ ವಾರ್ನೆಕೆ. ಆಲ್‌ಬಾರ್ನ್ ಎದ್ದ ರಭಸಕ್ಕೆ ತಲೆ ಚಾವಣಿಗೆ ಬಡಿಯುತ್ತದೆ.

"ನಾನು ಡಾಕ್ಟರ್, ಆಲ್‌ಬಾರ್ನ್."

"ನಿಮ್ಮ ಪಾಳಿ ಎಂಟಕ್ಕಲ್ವೇ?"

"ಹೌದು. ಇದು ನನ್ನ ಸ್ವಂತ ನಿದ್ದೆಯಿಂದ ಕಳೆದಿದ್ದು."

"ಸರಿ, ಬಂದಿದ್ದಂತೂ ಆಯ್ತು. ಯಾವ ನಂಬರು?"

"ಹದಿನೇಳು."

"ಹದಿನೇಳು, ಹಾಜರ್!"

"ಏನಂದ್ರಿ?"

"ಹಾಜರ್ ಅಂದೆ ಕಣ್ರೀ. ನಿಮ್ಮ ಕಿವಿ ತೂತಿಗೂ ಆ ಬುರುಡೆ ಹಾಕಿ ಒಮ್ಮೆ ಒತ್ಕೊಳ್ಳಿ."

ಆಲ್‌ಬಾರ್ನ್ ಬುರುಡೆಯನ್ನು ಮುಂದಿನ ತೂತಿಗೆ ಒತ್ತುತ್ತಾರೆ. ಹದಿನೆಂಟು. ಹಾಜರ್. ಹತ್ತೊಂಬತ್ತು. ಹಾಜರ್. ನಲವತ್ತರವರೆಗೆ ಇಬ್ಬರೂ ತಾಳ ಹಿಡಿದವರಂತೆ ಹೋಗುತ್ತಾರೆ.

"ನಲವತ್ತೊಂದು."

ಉತ್ತರವಿಲ್ಲ.

"ನಲವತ್ತೊಂದು, ಡಾಕ್ಟರ್."

"ಅಯ್ಯೋ ದೇವರೇ!" ಮೂಗೂ ಇಲ್ಲ, ಕೆಮ್ಮೂ ಇಲ್ಲ, ಈಗ ಅದು ಹೆಣ್ಣಿನ ದನಿ. "ಹೆನ್ನಿಂಗ್, ಪರದೇಲಿ ಎದ್ದಿದ್ದು ನಲವತ್ತೆರಡು! ನಲವತ್ತೊಂದು ಅಲ್ಲಾಡ್ತಾನೇ ಇಲ್ಲ!"

ದನಿ ಫ್ರೌಕೆ ಹಿಲ್ಲೆಬ್ರೆಖ್ಟ್‌ಳದು. ಇಪ್ಪತ್ತೊಂಬತ್ತರ ಎಂಜಿನಿಯರ್, ಯಾರ ದನಿಯನ್ನಾದರೂ ಹೊರಡಿಸಬಲ್ಲವಳು. ಬೇಗ ಬಂದವಳು ಬಾಗಿಲಲ್ಲಿ ಬೂಟು ನೋಡಿದ್ದಾಳೆ, ಬಾಯಿ ಸುಮ್ಮನಿರಲಿಲ್ಲ.

ಆಲ್‌ಬಾರ್ನ್ ನಿಟ್ಟುಸಿರು ಬಿಡುತ್ತಾರೆ. "ನಿನ್ನೆ ನಳಿಕೆ ಜೋಡಿಸಿದ್ದು ಯಾರು?"

"ನಾನೇ." ಸ್ಪೀಕರಿನ ದನಿ ಇಳಿಯುತ್ತದೆ. "ಎರಡನ್ನೂ ಅದಲುಬದಲು ಸಿಕ್ಕಿಸಿದೀನಿ. ಯಂತ್ರ ಎಲ್ಲ ಸರಿ ಇದೆ ಅಂತು."

"ಅದಕ್ಕೆ ಸೋರೋದು ಗೊತ್ತಾಗುತ್ತೆ. ಯಾವ ತೂತು ಯಾವುದು ಅಂತ ಗೊತ್ತಾಗಲ್ಲ. ಸರಿ ಮಾಡ್ಬಿಡು, ಯಾರಿಗೂ ಹೇಳ್ಬೇಡ. ನಿಂಗೆ ಇನ್ನೂ ಕೆಲಸ ಕಾಯಂ ಆಗಿಲ್ಲ."

"ನಾನು ಬಾಯಿ ಮುಚ್ಕೊಂಡ್ರೆ ನಾಳೆ ಸಭೇಲಿ ನಿಮ್ಮದೂ ಮುಚ್ಚಿಸ್ತಾರಲ್ಲ?"

"ನಂದು ಬಿಡು. ಐವತ್ತೈದು ನಂಬರು ಬಾಕಿ ಇದೆ, ಮೊದಲು ಅದು."

ಎಂಟು ಗಂಟೆಗೆ, ಕಾಫಿಯ ಮೇಜಿನ ಸುತ್ತ ಆರು ಜನ ಬ್ರೆಡ್ಡಿಗೆ ಮಾಂಸದ ಸಾಸೇಜು ಹೆಚ್ಚಿಕೊಳ್ಳುತ್ತಿರುವಾಗ, ಫ್ರೌಕೆ ಎದ್ದು ನಿಂತು ಎಲ್ಲವನ್ನೂ ಹೇಳಿಬಿಡುತ್ತಾಳೆ. ನಳಿಕೆ ತನ್ನ ತಪ್ಪು, ಮೂಗಿನಲ್ಲಿ ಎಳೆದು ಕೆಮ್ಮಿ ವಾರ್ನೆಕೆ ದನಿ ಹೊರಡಿಸಿದ್ದೂ ತನ್ನದೇ ತಪ್ಪು, ಆಲ್‌ಬಾರ್ನ್ ಬರದೇ ಇದ್ದಿದ್ದರೆ ಇವತ್ತಿನ ಅಳತೆಯೆಲ್ಲ ಸುಳ್ಳಾಗುತ್ತಿತ್ತು. ಆಲ್‌ಬಾರ್ನ್ ಎಂದಿನಂತೆ ಕಿಟಕಿ ಪಕ್ಕದ ಬೇರೆ ಮೇಜಿನಲ್ಲಿ, ತಟ್ಟೆ ನೋಡುತ್ತಾ ಕೂತಿದ್ದಾರೆ. ವಾರ್ನೆಕೆ ಕನ್ನಡಕ ಒರೆಸುತ್ತಾರೆ.

"ಪಟ್ಟಿಯಿಂದ ತೆಗೆಯೋದು ಬೇಡ," ಎನ್ನುತ್ತಾರೆ ಕೊನೆಗೆ. "ಸೋಮವಾರದಿಂದ ಒಳಗೊಬ್ಬರು, ಹೊರಗೊಬ್ಬರು. ಹೊರಗೆ ನೀವು, ಹಿಲ್ಲೆಬ್ರೆಖ್ಟ್ ಅವರೇ. ಪ್ರತಿ ದಿನ, ಐದೂಮುಕ್ಕಾಲಿಗೆ. ಅದೇ ನಿಮಗೆ ಶಿಕ್ಷೆ."

"ಆಗಲಿ, ಡಾಕ್ಟರ್."

"ಇನ್ನೊಂದು ಮಾತು." ವಾರ್ನೆಕೆ ಕನ್ನಡಕ ಹಾಕಿಕೊಂಡು, ಮೂಗಿನಲ್ಲಿ ಎಳೆದು, ಕೊನೆಯಲ್ಲಿ ಕೆಮ್ಮಿ ಕೇಳುತ್ತಾರೆ: "ನನ್ನ ದನಿ ಎಲ್ರೀ ಹಾಗಿದೆ?"

ಕಿಟಕಿ ಪಕ್ಕದ ಮೇಜಿನಿಂದ ಒಂದು ಸದ್ದು ಬರುತ್ತದೆ. ಮೊದಲು ಯಾರಿಗೋ ಬ್ರೆಡ್ಡು ನೆತ್ತಿಗೇರಿತೆಂದು ಎಲ್ಲರೂ ತಿರುಗುತ್ತಾರೆ. ಆಲ್‌ಬಾರ್ನ್ ಹೊಟ್ಟೆ ಹಿಡಿದುಕೊಂಡು, ತಟ್ಟೆಯ ಮೇಲೆ ಬಗ್ಗಿ, ಕಣ್ಣಲ್ಲಿ ನೀರು ಸುರಿಸುತ್ತಾ ನಗುತ್ತಿದ್ದಾರೆ. ಆಮೇಲೆ ಉಳಿದವರೂ ನಗುತ್ತಾರೆ, ಕಡೆಗೆ ವಾರ್ನೆಕೆ ಕೂಡ. ಆದರೆ ಅಷ್ಟು ಜನರ ನಗೆಯೂ ಸೇರಿ ಆ ಒಬ್ಬರ ನಗೆಯನ್ನು ಮುಚ್ಚಲು ಸಾಕಾಗುವುದಿಲ್ಲ.